ಒಂದೇ ತಂತಿಯ ಮೇಲೆ

ತಂತಿ ಕಚೇರಿಯಲ್ಲಿ ಮೂವತ್ತೆಂಟು ವರ್ಷ ದುಡಿದವರಿಗೆ ಮಾತು ಕಡಿಮೆಯಾಗಿ ಹೋಗುವುದು ಆಶ್ಚರ್ಯವಲ್ಲ. ಪದವೊಂದಕ್ಕೆ ಇಷ್ಟು ಎಂದು ಹಣ ತೆತ್ತು ಸಾವನ್ನೂ ಮದುವೆಯನ್ನೂ ತಿಳಿಸುತ್ತಿದ್ದ ಜನರ ನಡುವೆ ಆಯುಸ್ಸು ಕಳೆದವರು ಮನೆಗೆ ಬಂದು ಹೆಂಡತಿಯೊಡನೆ ಧಾರಾಳವಾಗಿ ಹರಟಬೇಕೆಂದರೆ ಎಲ್ಲಿ ಸಾಧ್ಯ? ಮೈಸೂರಿನ ಸರಸ್ವತೀಪುರದಲ್ಲಿರುವ ಈ ವೃದ್ಧರ ಮೇಲೆ ಅವರ ಪತ್ನಿಯ ದೂರು ಇದೊಂದೇ. “ಇವರು ಕಾಫಿ ಕೇಳೋದೂ ತಂತಿ ಹೊಡೆದ ಹಾಗೇನೆ” ಎಂದು ಆಕೆ ಬಂದವರೊಡನೆ ಹೇಳಿಕೊಳ್ಳುವುದುಂಟು. ಭಾರತದ ತಂತಿ ಸೇವೆಗೆ 2013ನೆಯ ಇಸವಿ ಜುಲೈ 14 ಕಡೆಯ ದಿನವಾಯಿತು. ಅದಕ್ಕೆ ಎಷ್ಟೋ ಮೊದಲೇ ಇವರು ನಿವೃತ್ತರಾಗಿದ್ದರು. ಅದಕ್ಕೂ ಮೊದಲೇ ಇವರ ಮೋರ್ಸ್ ಕೀಲಿಯ ಜಾಗದಲ್ಲಿ ಟೆಲಿಪ್ರಿಂಟರು ಬಂದು ಕುಳಿತಿತ್ತು. ಆದರೂ ಪತ್ರಿಕೆ ಓದುವಾಗ ಅವರ ಬಲಗೈಯ ಬೆರಳು ಮೇಜಿನ ಮೇಲೆ ತಾನೇ ತಾನಾಗಿ ಕಟಕಟ ಎನ್ನುತ್ತಲೇ ಇರುತ್ತದೆ.

ಇಂಥ ಮನೆಯಲ್ಲಿ ಒಂದು ಚಿಂತೆ ಹುಟ್ಟಿತು. ಅಜ್ಜಿಗೆ ಸಕ್ಕರೆಯ ಕಾಯಿಲೆ; ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಪಥ್ಯ ತಪ್ಪಿರಲಿಲ್ಲ, ಪ್ರಮಾಣ ತಪ್ಪಿರಲಿಲ್ಲ, ಹಬ್ಬವೂ ಬಂದಿರಲಿಲ್ಲ. ಹಾಗಿದ್ದೂ ರಕ್ತದ ಸಕ್ಕರೆ ಏರುತ್ತ ಹೋಯಿತು. ವೈದ್ಯರು ಚೀಟಿಯನ್ನೆಲ್ಲ ನೋಡಿ ಕೊನೆಗೆ, “ಔಷಧಿ ಎಲ್ಲಿ ಇಡ್ತೀರಮ್ಮ?” ಎಂದು ಕೇಳಿದರು. ಒಡೆಯದ ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಬಿಸಿಯಾದರೆ ಅದರ ಕಸುವು ಕುಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಕೆಟ್ಟದ್ದು ಕಣ್ಣಿಗೆ ಕಾಣುವುದೂ ಇಲ್ಲ. ಕರಗಿದ ಮೇಲೆ ಅದು ಮೊದಲಿನಂತೆಯೇ ತೋರಬಹುದು, ಆದರೂ ಚೆಲ್ಲಿಬಿಡಬೇಕು. ಮನೆಯ ಫ್ರಿಜ್ಜಿಗೆ ಇಪ್ಪತ್ತು ವರ್ಷ. ಅಜ್ಜಿ ಸೀಸೆಗಳನ್ನು ಮೇಲಿನ ತಟ್ಟೆಯ ಹಿಂದಿನ ಮೂಲೆಯಲ್ಲಿ, ಮೊಸರಿನ ಪಾತ್ರೆಯ ಮರೆಯಲ್ಲಿ, ಒಡವೆಯಂತೆ ಜೋಪಾನ ಮಾಡಿದ್ದರು. ಹಳೆಯದನ್ನು ಎಸೆದು ಹೊಸ ಸೀಸೆಗಳನ್ನು ತಂದದ್ದಾಯಿತು. ಅವೂ ಅದೇ ಮೂಲೆಗೆ ಹೋದವು.

ಆಗ ಮೊಮ್ಮಗಳು ರಂಗಕ್ಕೆ ಬಂದಳು. ಎಂಜಿನಿಯರಿಂಗಿನ ಎರಡನೆಯ ವರ್ಷ; ವಿಷಯ ಎಲೆಕ್ಟ್ರಾನಿಕ್ಸ್. “ಅಜ್ಜಿ, ನಿನ್ನ ಫ್ರಿಜ್ಜಿಗೆ ನಾನೇ ಥರ್ಮಾಮೀಟರ್ ಇಡ್ತೀನಿ, ಇರು” ಎಂದು ಹೇಳಿ, ಒಂದು ಸಂಜೆ ಊಟದ ಮೇಜಿನ ಮೇಲೆ ಆರ್ಡುಯಿನೋ ಎಂಬ ಹಲಗೆಯನ್ನೂ ಮೊಳಕ್ಕಿಂತ ಉದ್ದದ ಎರಡು ಕರಿಯ ದಾರಗಳನ್ನೂ ಹರಡಿದಳು. ಒಂದೊಂದು ದಾರದ ತುದಿಗೂ ಬೆರಳಿನ ಗೆಣ್ಣಿನಷ್ಟು ಉಕ್ಕಿನ ಟೊಪ್ಪಿಗೆ. ಟೊಪ್ಪಿಗೆಯೊಳಗೆ ಡಿಎಸ್18ಬಿ20 ಎಂಬ ಚಿಪ್ಪು. (ಕನ್ನಡದ ಕಿವಿಗೆ ಚಿಪ್ಪು ಎಂದರೆ ಮುತ್ತಿನದೋ ತೆಂಗಿನದೋ ಆಗಬೇಕು. ಒಳಗೆ ಜೀವವನ್ನೋ ತಿರುಳನ್ನೋ ಅಡಗಿಸಿಕೊಂಡ ಗಟ್ಟಿ ಹೊದಿಕೆ ಎಂಬ ಅರ್ಥದಲ್ಲಿ ಇಂಗ್ಲಿಷಿನ ಮಾತಿಗಿಂತ ಇದೇ ಹೆಚ್ಚು ಒಪ್ಪುತ್ತದೆ.) ಹೆಸರಿನ ಮೊದಲಲ್ಲಿರುವ ಡಿಎಸ್ ಎಂಬುದು ಅಮೆರಿಕದ ಡಲ್ಲಾಸ್ ಸೆಮಿಕಂಡಕ್ಟರ್ ಎಂಬ ಕಂಪನಿಯ ಗುರುತು. ಆ ಕಂಪನಿ 2001ರಲ್ಲಿ ಮ್ಯಾಕ್ಸಿಮ್ ಎಂಬುದರ ಹೊಟ್ಟೆಗೆ ಹೋಯಿತು. ಮ್ಯಾಕ್ಸಿಮ್ 2021ರಲ್ಲಿ ಅನಲಾಗ್ ಡಿವೈಸಸ್ ಹೊಟ್ಟೆಗೆ ಹೋಯಿತು. ಅಕ್ಷರಗಳೆರಡು ಮಾತ್ರ ಉಳಿದುಕೊಂಡಿವೆ.

ತಾತ ಪತ್ರಿಕೆಯ ಮೇಲಿನಿಂದ ನೋಡುತ್ತಿದ್ದರು. ಮಾತಾಡಲಿಲ್ಲ. ಆದರೆ ಮೊಮ್ಮಗಳು “ಎರಡು ಸೆನ್ಸರೂ ಒಂದೇ ತಂತಿ ಮೇಲೆ ಮಾತಾಡುತ್ವೆ ತಾತ. ಇನ್ನೊಂದು ಬರೀ ನೆಲ, ಮತ್ತೊಂದು ಕರೆಂಟು” ಎಂದಾಗ ಪತ್ರಿಕೆ ಕೆಳಗೆ ಬಂತು.

“ಒಂದೇ ತಂತಿ, ವಾಪಸು ಭೂಮಿ?”

“ಹ್ಞೂಂ.”

“ನಮ್ಮ ಲೈನೇ” ಎಂದರು ತಾತ. ಕುರ್ಚಿಯನ್ನು ಮೇಜಿನ ಬಳಿಗೆ ಎಳೆದುಕೊಂಡರು.

ತಂತಿ ಕಂಬದ ಮೇಲೆ ಓಡುತ್ತಿದ್ದುದೂ ಒಂದೇ ಎಳೆ. ವಿದ್ಯುತ್ತು ಮರಳಿ ಬರುತ್ತಿದ್ದುದು ಭೂಮಿಯ ಮೂಲಕ. ಆ ಎಳೆಯ ಮೇಲೆ ಹಲವು ಕಚೇರಿಗಳು ಸಾಲಾಗಿ ಇರುವುದೂ ಉಂಟಾಗಿತ್ತು. ಯಾರು ಯಾರಿಗೆ ಬಾರಿಸಿದರೂ ಎಲ್ಲರಿಗೂ ಕೇಳಿಸುವುದು; ಮೊದಲು ಬರುವ ಸಂಕೇತಾಕ್ಷರ ಯಾರದೋ ಅವರು ಮಾತ್ರ ಉತ್ತರಿಸಬೇಕು, ಉಳಿದವರು ಕಿವಿ ಇದ್ದೂ ಸುಮ್ಮನಿರಬೇಕು. ಇಲ್ಲಿಯೂ ಹಾಗೆಯೇ ಎಂದಳು ಮೊಮ್ಮಗಳು. ಪ್ರತಿಯೊಂದು ಚಿಪ್ಪಿಗೂ ಕಾರ್ಖಾನೆಯಲ್ಲಿಯೇ 64 ಬಿಟ್ಟುಗಳ ಹೆಸರು ಕೊರೆದಿರುತ್ತದೆ. ಮೊದಲ 8 ಬಿಟ್ಟು ಕುಲದ ಹೆಸರು. ಆಮೇಲಿನ 48 ಬಿಟ್ಟು ಅದರ ಸ್ವಂತ ಸಂಖ್ಯೆ. ಕೊನೆಯ 8 ಬಿಟ್ಟು ತಾಳೆ ನೋಡಲು. 48 ಬಿಟ್ಟುಗಳಲ್ಲಿ 281 ಲಕ್ಷ ಕೋಟಿಗೂ ಮೀರಿದ ಸಂಖ್ಯೆಗಳು ಹಿಡಿಯುವುದರಿಂದ, ಒಂದರ ಹೆಸರು ಇನ್ನೊಂದಕ್ಕೆ ಬರುವ ಭಯವಿಲ್ಲ. ನಾಲ್ಕು ಮನೆಗೆ ಎರಡು ವೆಂಕಟೇಶರಿರುವ ನಮ್ಮ ಬೀದಿಗಳಿಗಿಂತ ಅಲ್ಲಿ ವ್ಯವಸ್ಥೆ ಚೆನ್ನಾಗಿದೆ.

ತಾತನ ದೃಷ್ಟಿ ಹಲಗೆಯ ಮೇಲಿನ ಒಂದು ಸಣ್ಣ ವಸ್ತುವಿನ ಮೇಲೆ ನಿಂತಿತು. ಅಕ್ಕಿಕಾಳಿಗಿಂತ ತುಸು ದೊಡ್ಡದು, ಮೈಮೇಲೆ ಬಣ್ಣದ ಬಳೆಗಳು. ಅದು 4,700 ಓಮ್‌ಗಳ ಒಂದು ರೆಸಿಸ್ಟರು. ಮಾತಿನ ತಂತಿಯನ್ನು ಅದು 5 ವೋಲ್ಟಿನ ಕಡೆಗೆ ಎಳೆದು ಹಿಡಿದಿತ್ತು. ಈ ಬಗೆಯ ಸಂಭಾಷಣೆಯಲ್ಲಿ ಒಂದು ವಿಚಿತ್ರವಾದ ಮರ್ಯಾದೆಯುಂಟು: ಮೈಕ್ರೋಕಂಟ್ರೋಲರಾಗಲಿ ಸೆನ್ಸರಾಗಲಿ ತಂತಿಯನ್ನು ಕೆಳಕ್ಕೆ ಎಳೆಯಬಹುದೇ ಹೊರತು ಮೇಲಕ್ಕೆ ತಳ್ಳುವಂತಿಲ್ಲ. ಇಬ್ಬರೂ ಕೈಬಿಟ್ಟರೆ ರೆಸಿಸ್ಟರೇ ಅದನ್ನು ಮೇಲಕ್ಕೆ ಒಯ್ಯುತ್ತದೆ. ಏತವನ್ನು ಕಂಡವರಿಗೆ ಇದು ಹೊಸದಲ್ಲ. ಬಾವಿಯ ಬಳಿ ನಿಂತವನು ಹಗ್ಗವನ್ನು ಕೆಳಕ್ಕೆ ಎಳೆಯುತ್ತಾನೆ. ಕೈ ಸಡಿಲಿಸಿದರೆ ತೊಲೆಯ ಹಿಂದಿನ ಕಲ್ಲು ತಾನಾಗಿ ಮೇಲೆತ್ತುತ್ತದೆ. ಒಬ್ಬನು ಮೇಲಕ್ಕೂ ಇನ್ನೊಬ್ಬನು ಕೆಳಕ್ಕೂ ಹಟ ಹಿಡಿದು ಜಗ್ಗಿ ಇಬ್ಬರೂ ಸುಟ್ಟುಹೋಗುವ ಪ್ರಸಂಗವೇ ಬರುವುದಿಲ್ಲ. ಅನೇಕ ಸಭೆಗಳಿಗೆ ಇಂಥದೊಂದು ರೆಸಿಸ್ಟರಿನ ಅವಶ್ಯಕತೆಯಿದೆ.

ಮಾತು ಆರಂಭವಾಗುವ ಬಗೆ ಹೀಗೆ. ಮೈಕ್ರೋಕಂಟ್ರೋಲರು ತಂತಿಯನ್ನು ಕನಿಷ್ಠ 480 ಮೈಕ್ರೋಸೆಕೆಂಡು, ಎಂದರೆ ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡು, ಕೆಳಗೆ ಹಿಡಿದು ಬಿಡುತ್ತದೆ. ಅದು “ಯಾರಾದರೂ ಇದ್ದೀರಾ?” ಎಂಬ ಕೂಗು. ಸೆನ್ಸರು 15ರಿಂದ 60 ಮೈಕ್ರೋಸೆಕೆಂಡು ತಡೆದು, ತಾನು 60ರಿಂದ 240 ಮೈಕ್ರೋಸೆಕೆಂಡು ತಂತಿಯನ್ನು ಕೆಳಗೆಳೆಯುತ್ತದೆ; ಅದು “ಇದ್ದೇನೆ” ಎಂಬ ಹಾಜರಿ. ಆಮೇಲೆ ಒಂದೊಂದೇ ಬಿಟ್ಟು. ತಂತಿಯನ್ನು ಸುಮಾರು 60 ಮೈಕ್ರೋಸೆಕೆಂಡು ಒತ್ತಿಹಿಡಿದರೆ ಸೊನ್ನೆ; 15ರೊಳಗೆ ಬಿಟ್ಟುಬಿಟ್ಟರೆ ಒಂದು. ಸೆನ್ಸರು ಉತ್ತರ ಕೊಡುವಾಗಲೂ ತಾನಾಗಿ ಬಾಯಿ ತೆರೆಯುವುದಿಲ್ಲ. ಪ್ರತಿಯೊಂದು ಬಿಟ್ಟಿಗೂ ಒಡೆಯನು ತಂತಿಯನ್ನು ಒಮ್ಮೆ ಮುಟ್ಟಿ ಬಿಡಬೇಕು. ಸೊನ್ನೆ ಹೇಳಬೇಕಾಗಿದ್ದರೆ ಸೆನ್ಸರು ಅದನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದಿರುತ್ತದೆ, ಒಂದು ಹೇಳಬೇಕಾಗಿದ್ದರೆ ಸುಮ್ಮನಿದ್ದುಬಿಡುತ್ತದೆ.

“ಉದ್ದ, ಗಿಡ್ಡ” ಎಂದರು ತಾತ. ಮೇಜಿನ ಮೇಲೆ ಬೆರಳು ಆಡಿತು. “ನಮ್ಮದರಲ್ಲಿ ಚುಕ್ಕೆ ಎಷ್ಟು ಹೊತ್ತು ಗೊತ್ತೇನೇ? ನಿಮಿಷಕ್ಕೆ ಇಪ್ಪತ್ತು ಪದ ಹೊಡೆದರೆ 60 ಮಿಲಿಸೆಕೆಂಡು.”

ಮೊಮ್ಮಗಳು ಕಾಗದ ತೆಗೆದು ಲೆಕ್ಕ ಹಾಕಿ ನಕ್ಕಳು. ಇಲ್ಲಿ 60 ಮೈಕ್ರೋಸೆಕೆಂಡು, ಅಲ್ಲಿ 60 ಮಿಲಿಸೆಕೆಂಡು. ಸರಿಯಾಗಿ ಸಾವಿರ ಪಾಲು. ತಾತ ಸಾವಿರ ಪಟ್ಟು ಚುರುಕಾಗಿದ್ದಿದ್ದರೆ ಈ ಚಿಪ್ಪಿನೊಡನೆ ನೇರವಾಗಿಯೇ ಮಾತಾಡಬಹುದಿತ್ತು.

ಮಗು ಸಿದ್ಧವಾಗಿ ಸಿಗುವ ಲೈಬ್ರರಿಯನ್ನು ಬಳಸದೆ, ಪ್ರೋಗ್ರಾಮನ್ನು ತಾನೇ ಬರೆದಿದ್ದಳು. ಕೈಯಾರೆ ಬರೆದರೆ ಕಲಿತ ಹಾಗಾಗುತ್ತದೆ ಎಂಬ ಆಸೆ. ಮೊದಲ ದಿನವೇ ಪರದೆಯ ಮೇಲೆ 85.0000 ಎಂದು ಬಂತು. “ಅಯ್ಯೋ, ಫ್ರಿಜ್ಜಿನಲ್ಲಿ ಸಾರು ಕುದೀತಾ ಇದೆಯೇನೇ?” ಎಂದರು ಅಜ್ಜಿ. ಎರಡು ಸೆನ್ಸರುಗಳೂ ದಶಾಂಶದವರೆಗೆ ಒಂದೇ ಉತ್ತರ ಕೊಡುತ್ತಿದ್ದುದನ್ನು ಕಂಡು ಅವಳಿಗೆ ಹೊಳೆಯಿತು. ಕರೆಂಟು ಬಂದ ಕ್ಷಣದಲ್ಲಿ ಈ ಚಿಪ್ಪಿನ ಸ್ಲೇಟಿನ ಮೇಲೆ ಬರೆದಿರುವುದೇ 85. ಹದಿನಾರರ ಲೆಕ್ಕದಲ್ಲಿ 44 ಎಂಬ ಆಜ್ಞೆ ಹೋದರೆ ಅದು ಉಷ್ಣತೆಯನ್ನು ಅಳೆಯಲು ತೊಡಗುತ್ತದೆ. ಬಿಇ ಎಂಬ ಆಜ್ಞೆ ಹೋದರೆ ಸ್ಲೇಟಿನ ಮೇಲಿರುವುದನ್ನು ಓದಿ ಹೇಳುತ್ತದೆ. ಒಂದು ಡಿಗ್ರಿಯ ಹದಿನಾರನೆಯ ಒಂದು ಪಾಲಿನವರೆಗೆ, ಅಂದರೆ 0.0625ರವರೆಗೆ, ಸೂಕ್ಷ್ಮವಾಗಿ ಅಳೆಯಲು ಅದಕ್ಕೆ 750 ಮಿಲಿಸೆಕೆಂಡು ಬೇಕು. ಮಗು 44 ಹೇಳಿ ಉಸಿರು ಬಿಡುವುದರೊಳಗೆ ಬಿಇ ಹೇಳಿಬಿಟ್ಟಿದ್ದಳು. ಚಿಪ್ಪು ಸುಳ್ಳು ಹೇಳಿರಲಿಲ್ಲ; ಅಳೆಯಲು ಬಿಡುವು ಸಿಕ್ಕದೆ, ಸ್ಲೇಟಿನಲ್ಲಿ ಇದ್ದುದನ್ನೇ ಒಪ್ಪಿಸಿತ್ತು. ಮುಕ್ಕಾಲು ಸೆಕೆಂಡು ಕಾಯುವುದನ್ನು ಕಲಿಸಿದ ಮೇಲೆ ಅಂಕಿಗಳು ನೆಲಕ್ಕಿಳಿದವು: ಹಿಂದಿನ ಮೂಲೆ 3.1250, ನಡುವಿನ ತಟ್ಟೆ 5.4375.

ತಾತನಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಒಂಬತ್ತನೆಯ ಬೈಟು. ಚಿಪ್ಪು ಎಂಟು ಬೈಟುಗಳ ಸುದ್ದಿಯನ್ನು ಹೇಳಿ, ಆ ಎಂಟರಿಂದಲೇ ಲೆಕ್ಕ ಕಟ್ಟಿದ ಒಂಬತ್ತನೆಯದೊಂದನ್ನು ಕೊನೆಗೆ ಹೇಳುತ್ತದೆ. ಕೇಳಿಸಿಕೊಂಡವರು ಅದೇ ಲೆಕ್ಕವನ್ನು ತಾವೂ ಮಾಡಿ ತಾಳೆ ನೋಡಬೇಕು. ಹೊಂದದಿದ್ದರೆ ಮತ್ತೆ ಕೇಳಬೇಕು. ತಂತಿಯ ತಲೆಬರಹದಲ್ಲಿ ಪದಗಳ ಸಂಖ್ಯೆಯನ್ನು ಬರೆಯುತ್ತಿದ್ದುದು ಇದೇ ಕಾರಣಕ್ಕೆ. ಹನ್ನೊಂದು ಎಂದು ಹೇಳಿ ಹತ್ತು ಪದ ಬಂದರೆ, ಬಿಟ್ಟುಹೋದದ್ದು ‘ಇಲ್ಲ’ ಎಂಬ ಪದವೇ ಆಗಿರಬಹುದು. “ಈ ಚಿಪ್ಪು ಮಾಡಿದೋನು ಯಾರೋ ತಂತಿ ಕಚೇರೀಲಿ ಇದ್ದಿರಬೇಕು” ಎಂದರು ತಾತ. ಅಷ್ಟು ಉದ್ದದ ವಾಕ್ಯವನ್ನು ಅವರ ಬಾಯಿಂದ ಕೇಳಿ ಅಜ್ಜಿ ಅಡಿಗೆಮನೆಯಿಂದ ಇಣುಕಿ ನೋಡಿದರು.

ಐದು ನಿಮಿಷಕ್ಕೊಮ್ಮೆ ಎರಡು ಅಂಕಿ. ಪ್ರತಿ ಬೆಳಿಗ್ಗೆ ಮೊಮ್ಮಗಳು ಹಿಂದಿನ ದಿನದ ಪಟ್ಟಿಯನ್ನು ತೆಗೆದುಕೊಡುವಳು. ತಾತ ಅದನ್ನು ಹಳೆಯ ಅಭ್ಯಾಸದಂತೆ ಒಂದು ಲೆಡ್ಜರಿಗೆ ಇಳಿಸುವರು. ಹಿಂದಿನ ಮೂಲೆಯಲ್ಲಿ 2.5, 3, 2.8, ನಡುವಿನ ತಟ್ಟೆಯಲ್ಲಿ 5, 6. ಎಲ್ಲವೂ ಗಡಿಯೊಳಗೆ. ಮನೆಯವರೆಲ್ಲ ನೆಮ್ಮದಿಯಾದರು. ಅಜ್ಜಿ ಆ ಮೂಲೆಯ ಸೀಸೆಯಿಂದಲೇ ನಿಶ್ಚಿಂತರಾಗಿ ಚುಚ್ಚಿಕೊಂಡರು. ಆದರೆ ಸಕ್ಕರೆ ಮಾತ್ರ ಇಳಿಯಲಿಲ್ಲ. ಅಳತೆಯಿಲ್ಲದಿದ್ದಾಗ ಒಂದು ಸಂದೇಹವಾದರೂ ಇತ್ತು. ಅಳತೆ ಬಂದು ಅದನ್ನೂ ಕಳೆದಿತ್ತು.

ಹತ್ತನೆಯ ದಿನ ತಾತ ಲೆಡ್ಜರನ್ನು ಹಿಂದಕ್ಕೆ ಮುಂದಕ್ಕೆ ತಿರುವಿದರು. ಹಿಂದಿನ ಮೂಲೆಯ ಕಂಬಸಾಲಿನಲ್ಲಿ ಅಲ್ಲಲ್ಲಿ ಖಾಲಿ ಮನೆಗಳು. ಬೆಳಗಿನ ಜಾವ ಮೂರು ಗಂಟೆಯಿಂದ ಐದೂವರೆಯವರೆಗೆ, ದಿನವೂ.

“ಇದೇನೇ ಮಗು?”

“ಲೂಸ್ ಕಾಂಟ್ಯಾಕ್ಟ್ ಇರಬೇಕು ತಾತ. ಆಗ ಏನೋ ಹುಚ್ಚು ನಂಬರ್ ಬರುತ್ತೆ. ಈ ಸೆನ್ಸರು ಅಳೆಯೋದೇ ಮೈನಸ್ 55ರಿಂದ 125ರವರೆಗೆ. ಅದರಾಚೆ ಏನು ಬಂದರೂ ಕಸ ಅಂತ ಎಸೆಯೋ ಹಾಗೆ ಬರೆದಿದ್ದೀನಿ.”

“ಲೂಸ್ ಕಾಂಟ್ಯಾಕ್ಟು ಗಡಿಯಾರ ನೋಡ್ಕೊಂಡು ಬರುತ್ತೇನೆ?”

ಮಗು ಸುಮ್ಮನಾದಳು. ಒಂಬತ್ತನೆಯ ಬೈಟು ಆ ಹೊತ್ತಿನಲ್ಲೂ ತಾಳೆಯಾಗುತ್ತಿತ್ತು ಎಂಬುದು ಅವಳಿಗೆ ಆಗ ನೆನಪಾಯಿತು. ತಂತಿ ಕೆಟ್ಟಿದ್ದರೆ ತಾಳೆ ತಪ್ಪಬೇಕಾಗಿತ್ತು. ಸುದ್ದಿ ಸರಿಯಾಗಿ ಬಂದು, ಕೇಳಿಸಿಕೊಂಡವರೇ ಅದನ್ನು ಹುಚ್ಚು ಎಂದು ಬದಿಗಿಟ್ಟಿದ್ದರು.

ಆ ರಾತ್ರಿ ತಾತನೂ ಮೊಮ್ಮಗಳೂ ಊಟದ ಮನೆಯಲ್ಲಿ ಜಮಖಾನ ಹಾಸಿಕೊಂಡು ಕುಳಿತರು. ಜರಡಿಯನ್ನು ತೆಗೆದುಹಾಕಿ, ಎರಡು ಸೆಕೆಂಡಿಗೊಮ್ಮೆ ಅಂಕಿ ಬರುವಂತೆ ಮಾಡಿದ್ದಾಯಿತು. ಹನ್ನೊಂದಾಯಿತು, ಒಂದಾಯಿತು. ಬಾಗಿಲು ತೆಗೆಯುವವರಿಲ್ಲದ ಹೊತ್ತು. ಹಳೆಯ ಥರ್ಮೋಸ್ಟಾಟಿಗೆ ನಿಲ್ಲುವ ಮನಸ್ಸಿಲ್ಲ. ಫ್ರಿಜ್ಜು ಗೊರಗೊರ ಎನ್ನುತ್ತಲೇ ಇತ್ತು. ಹಿಂದಿನ ಮೂಲೆ 1.5ಕ್ಕೆ ಇಳಿಯಿತು, ಮುಕ್ಕಾಲಿಗೆ ಇಳಿಯಿತು. ಮೂರು ಗಂಟೆ ಹತ್ತು ನಿಮಿಷಕ್ಕೆ ಪರದೆಯ ಮೇಲೆ ಒಂದರ ಕೆಳಗೊಂದು ಬಂದವು: 0.1250. 0.0625. 0.0000. ಅದರ ಮರುಸಾಲಿನಲ್ಲಿ 4095.9375.

ಮಗು ಬಾಯಿ ತೆರೆಯುವ ಮೊದಲೇ ತಾತ ಹೇಳಿದರು: “ಸ್ಕೂಟರಿನ ಮೀಟರು.”

ಸೊನ್ನೆಯಲ್ಲಿ ನಿಂತಿರುವ ಮೈಲಿಯ ಮೀಟರನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿದರೆ ಅದು ‘ಸೊನ್ನೆಗಿಂತ ಒಂದು ಕಡಿಮೆ’ ಎಂದು ತೋರಿಸಲಾರದು. 99999 ಎಂದು ತೋರಿಸುತ್ತದೆ. ಚಿಪ್ಪು ಋಣಸಂಖ್ಯೆಯನ್ನು ಹೇಳುವ ಕ್ರಮವೂ ಇದೇ. ಅದು ಡಿಗ್ರಿಯ ಹದಿನಾರನೆಯ ಪಾಲುಗಳನ್ನು 16 ಬಿಟ್ಟುಗಳಲ್ಲಿ ಎಣಿಸುತ್ತದೆ. ಸೊನ್ನೆಯಿಂದ ಒಂದು ಹಿಂದೆ ಸರಿದರೆ ಬಿಟ್ಟುಗಳೆಲ್ಲ ಒಂದಾಗಿ 65535 ಆಗುತ್ತದೆ. ಮೇಲಿನ ಬಿಟ್ಟು ಒಂದಾಗಿದ್ದರೆ ಅದು ಋಣ ಎಂದು ತಿಳಿಯುವುದು ಕೇಳಿಸಿಕೊಳ್ಳುವವರ ಹೊಣೆ. ಮಗುವಿನ ಪ್ರೋಗ್ರಾಮು ಅದನ್ನು ತಿಳಿಯದೆ, 65535ನ್ನು ಹದಿನಾರರಿಂದ ಭಾಗಿಸಿ 4095.9375 ಎಂದು ಬರೆದುಕೊಂಡು, ಇಷ್ಟು ಬಿಸಿ ಎಲ್ಲಿಯಾದರೂ ಉಂಟೇ ಎಂದು ಎಸೆದುಬಿಡುತ್ತಿತ್ತು. ನಿಜವಾದ ಉತ್ತರ ಸೊನ್ನೆಗಿಂತ 0.0625 ಕೆಳಗೆ. ನಾಲ್ಕು ಗಂಟೆಯ ಹೊತ್ತಿಗೆ ಅದು ಮೈನಸ್ 1.0625ಕ್ಕೆ ಇಳಿದಿತ್ತು.

ತಪ್ಪು ಇದ್ದದ್ದು ಒಂದಕ್ಷರದಲ್ಲಿ. ಸಂಖ್ಯೆಯ ಜಾತಿಯನ್ನು ಹೇಳುವ ಪದದ ಮುಂದೆ ‘ಯು’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ‘ಇದಕ್ಕೆ ಋಣವಿಲ್ಲ’ ಎಂದು ಅರ್ಥ. ಮಗು ಅದನ್ನು ಅಳಿಸಿದಳು. ಪರದೆಯ ಮೇಲೆ ಅಂಕಿಗಳ ಹಿಂದೆ ಒಂದು ಸಣ್ಣ ಅಡ್ಡಗೆರೆ ಮೂಡಿತು. ಹತ್ತು ದಿನ ಅಜ್ಜಿಗೆ ಕೆಟ್ಟ ಔಷಧಿ ಚುಚ್ಚಿಸಿದವಳು ತಾನೇ ಎಂದು ಅವಳಿಗೆ ಅಳು ಬಂತು.

ಸದ್ದಿಗೆ ಅಜ್ಜಿ ಎದ್ದು ಬಂದರು. ವಿಷಯವನ್ನೆಲ್ಲ ಕೇಳಿ ಅವರು ಅಳಲಿಲ್ಲ. ಒಂದು ಪ್ರಶ್ನೆ ಹಾಕಿದರು. “ಅದು ಅಳೆದದ್ದು ಗಾಳೀನಲ್ಲವೇನೆ? ಗಾಳಿ ಬೇಗ ತಣ್ಣಗಾಗುತ್ತೆ. ಸೀಸೆಯೊಳಗಿನದೂ ಅಷ್ಟೇ ತಣ್ಣಗಾಯ್ತು ಅಂತ ಯಾರು ಹೇಳಿದ್ದು? ಹಾಲು ಕಾದಿದೆಯೋ ಇಲ್ಲವೋ ಅಂತ ಪಾತ್ರೆ ಹಿಡಿ ಮುಟ್ಟಿ ನೋಡ್ತಾರಾ?” ಎಂದು ಒಳಗಿನಿಂದ ಒಂದು ಖಾಲಿ ಇನ್ಸುಲಿನ್ ಸೀಸೆಯನ್ನು ತಂದು ಅದರಲ್ಲಿ ನೀರು ತುಂಬಿಸಿದರು. ಈ ಉಪಾಯ ಹೊಸದಲ್ಲ. ಲಸಿಕೆಗಳನ್ನಿಡುವ ಫ್ರಿಜ್ಜುಗಳಲ್ಲಿಯೂ ಉಷ್ಣಮಾಪಕದ ತುದಿಯನ್ನು ದ್ರವದ ಸೀಸೆಯೊಳಗೆ ಇಡುವ ಪದ್ಧತಿಯಿದೆ. ಅಜ್ಜಿಗೆ ಅದು ಗೊತ್ತಿರಲಿಲ್ಲ, ಹಾಲು ಗೊತ್ತಿತ್ತು.

ಮರುದಿನ ರಾತ್ರಿ ಸೆನ್ಸರಿನ ಟೊಪ್ಪಿಗೆ ಆ ನೀರಿನಲ್ಲಿ ಮುಳುಗಿ ಕುಳಿತಿತ್ತು. ಅಂಕಿ ಈ ಸಲ ಮೆಲ್ಲಗೆ ಇಳಿಯಿತು; ಸೊನ್ನೆಯ ಬಳಿ ಬಂದು ಅಲ್ಲಿಯೇ ಬಹಳ ಹೊತ್ತು ನಿಂತಿತು. ಬೆಳಿಗ್ಗೆ ಬಾಗಿಲು ತೆರೆದು ಸೀಸೆಯನ್ನು ದೀಪಕ್ಕೆ ಹಿಡಿದಾಗ ನೀರಿನಲ್ಲಿ ಸೂಜಿಯಂಥ ಮಂಜಿನ ಎಳೆಗಳು ಹೊಳೆದವು. ಅಜ್ಜಿ ಮತ್ತೇನೂ ಕೇಳಲಿಲ್ಲ. ಮೂಲೆಯಲ್ಲಿದ್ದ ಸೀಸೆಗಳನ್ನು ತಾವೇ ತೆಗೆದು ಹೊರಗಿಟ್ಟರು. ಹೊಸ ಸೀಸೆ ನಡುವಿನ ತಟ್ಟೆಯ ಮೇಲೆ, ಒಂದು ಡಬ್ಬಿಯೊಳಗೆ ಹೋಯಿತು. ವೈದ್ಯರಿಗೂ ಅಂಕಿಗಳನ್ನು ತೋರಿಸಿದ್ದಾಯಿತು. ಮೂರನೆಯ ವಾರದಲ್ಲಿ ಸಕ್ಕರೆ ಇಳಿಮುಖವಾಯಿತು. ಫ್ರಿಜ್ಜು ಬದಲಾಯಿಸುವ ಮಾತು ಬಂದಾಗ ಮಾತ್ರ ಅಜ್ಜಿ, “ಅದು ಮದುವೆಯ ವಯಸ್ಸಿಗೆ ಬಂದಿದೆ, ಇರಲಿ ಬಿಡಿ” ಎಂದು ತಳ್ಳಿಹಾಕಿದರು.

ತಾತ ಲೆಡ್ಜರನ್ನು ತೆರೆದು, ಹತ್ತು ದಿನದ ಖಾಲಿ ಮನೆಗಳ ಮೇಲೆ ಉದ್ದಕ್ಕೂ ಒಂದು ಕಂಸ ಹಾಕಿ, ಪಕ್ಕದಲ್ಲಿ ಕೆಂಪು ಮಸಿಯಿಂದ ನಾಲ್ಕು ಪದ ಬರೆದರು: “ಸುದ್ದಿ ಬಂದಿತ್ತು. ಬರೆದುಕೊಂಡಿಲ್ಲ. ಸಹಿ.” ಮೊಮ್ಮಗಳು ಅದನ್ನು ಓದಿ, ಪೆನ್ನನ್ನು ಕೇಳಿ ಇಸಿದುಕೊಂಡು, ಕೆಳಗೆ ತನ್ನ ಹೆಸರು ಹಾಕಿದಳು.